ಸಾರ್ವಜನಿಕ ಸ್ವತ್ತಿನ ಹಾನಿ ಮತ್ತು ಜಾಮೀನಿನ ಬೆಲೆ

ಸಾರ್ವಜನಿಕ ಸ್ವತ್ತನ್ನು ಹಾಳುಗೆಡವಿದನೆಂಬ ಆಪಾದನೆಗೆ ಗುರಿಯಾದವನು ಆ ಹಾನಿಗೆ ಸಮನಾದ ಹಣವನ್ನು ಠೇವಣಿಯಾಗಿ ಇಟ್ಟ ಹೊರತು ಅವನಿಗೆ ಜಾಮೀನು ದೊರೆಯಕೂಡದೆಂದು ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ತನ್ನ 284ನೆಯ ವರದಿಯ ಮೂಲಕ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಹಿಂದೆ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಋತುರಾಜ್ ಅವಸ್ಥಿಯವರು. ವರದಿಯ ಹಿಂದಿರುವ ಕಳವಳ ಪ್ರಾಮಾಣಿಕವಾದುದು. ಆದರೆ ಅದು ತೋರಿರುವ ಮಾರ್ಗವು ಅನ್ಯಾಯದ ಮಾರ್ಗವೆಂದು ನಾನು ನಿಸ್ಸಂಕೋಚವಾಗಿ ಹೇಳಬಯಸುತ್ತೇನೆ.

ಈ ಅಪರಾಧವು ಅಲ್ಪವಾದುದೆಂದು ನನ್ನ ವಾದವಲ್ಲ. ಬಸ್ಸೊಂದಕ್ಕೆ ಬೆಂಕಿಯಿಟ್ಟವನು ಸರ್ಕಾರಕ್ಕೇ ಬುದ್ಧಿ ಕಲಿಸಿದೆನೆಂದು ಬಗೆಯಬಹುದು; ಆದರೆ ಮರುದಿನ ಮುಂಜಾನೆ ನಿಲ್ದಾಣದಲ್ಲಿ ಕಾದು ನಿಂತು, ಕೆಲಸದ ಹೊತ್ತು ಮೀರಿತೆಂದು ಹಲುಬುವವರು ಸ್ವಂತ ವಾಹನವಿಲ್ಲದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸದವರೇ ಹೊರತು ಮಂತ್ರಿಗಳಲ್ಲ. 2010ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದಲ್ಲಿ ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ಕಳಚಿದ ಕಾರಣ, ಇರುಳಿನಲ್ಲಿ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಹಳಿ ತಪ್ಪಿ, ಗೂಡ್ಸ್ ರೈಲೊಂದು ಅದಕ್ಕೆ ಬಡಿದು, 140ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಇಂತಹ ಕೃತ್ಯಕ್ಕೆ ಕಠೋರ ದಂಡನೆ ಇರಲೇಬೇಕು, ಮತ್ತು ಅದು ಇದೆ: ರೈಲನ್ನು ಉರುಳಿಸುವ ದುರುದ್ದೇಶದಿಂದ ಹಳಿ ಕೀಳುವವನಿಗೆ 1989ರ ರೈಲ್ವೆ ಅಧಿನಿಯಮದ 150ನೆಯ ಪ್ರಕರಣವು ಆಜೀವ ಕಾರಾವಾಸವನ್ನೂ, ಬೇಕೆಂದೇ ಜನರ ಸಾವಿಗೆ ಕಾರಣನಾದವನಿಗೆ ಮರಣದಂಡನೆಯನ್ನೂ ವಿಧಿಸಬಲ್ಲುದು. ಆದರೂ ಜ್ಞಾನೇಶ್ವರಿಯ ಮೊಕದ್ದಮೆಯ ವಿಚಾರಣೆ ಹತ್ತು ವರ್ಷ ಕಳೆದರೂ ಮುಗಿಯಲಿಲ್ಲ.

1984ರ ಸಾರ್ವಜನಿಕ ಸ್ವತ್ತು ಹಾನಿ ನಿವಾರಣಾ ಅಧಿನಿಯಮವೂ ಸೌಮ್ಯವಾದುದೇನಲ್ಲ. ನೀರು, ವಿದ್ಯುತ್ತು, ಸಾರಿಗೆ, ದೂರಸಂಪರ್ಕಗಳ ಸ್ವತ್ತಿಗೆ ಕೇಡು ಮಾಡಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಕಠಿಣ ಸಜೆ. ಬೆಂಕಿ ಅಥವಾ ಸ್ಫೋಟಕವನ್ನು ಬಳಸಿದರೆ ಒಂದರಿಂದ ಹತ್ತು ವರ್ಷ. ನಾಲ್ಕು ದಶಕಗಳಿಂದ ಇಷ್ಟು ಹರಿತವಾದ ಕಾನೂನು ಕೈಯಲ್ಲಿದ್ದೂ ದೊಂಬಿಕೋರರಿಗೆ ಭಯ ಹುಟ್ಟದಿದ್ದರೆ, ಅದಕ್ಕೆ ಕಾರಣ ಶಿಕ್ಷೆಯ ಅಲ್ಪತ್ವವಲ್ಲ, ಶಿಕ್ಷೆಯಾದೀತೆಂಬ ನಂಬಿಕೆಯೇ ಇಲ್ಲದಿರುವುದು. ನಮ್ಮ ರಾಜ್ಯದಲ್ಲಿಯೇ ನೋಡಿರಿ: 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಮೇಲೆ ಗುಂಪು ಕಲ್ಲು ತೂರಿದ ಪ್ರಕರಣವನ್ನೂ ಒಳಗೊಂಡು 43 ಮೊಕದ್ದಮೆಗಳನ್ನು ಹಿಂದಕ್ಕೆ ಪಡೆಯಲು ಸರ್ಕಾರವು 2024ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು; ಉಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಅದನ್ನು ರದ್ದುಗೊಳಿಸಬೇಕಾಯಿತು. ಅಧಿಕಾರದಲ್ಲಿರುವ ಪಕ್ಷ ಯಾವುದೇ ಆಗಲಿ, ತನಗೆ ಬೇಕಾದವರ ಮೊಕದ್ದಮೆಗಳನ್ನು ಕೈಬಿಡುವ ಈ ಪರಿಪಾಠವನ್ನು ನಿಲ್ಲಿಸದೆ ಜಾಮೀನಿನ ಷರತ್ತನ್ನು ಬಿಗಿಗೊಳಿಸುವುದರಿಂದ ಏನು ಫಲ?

ಫಲವುಂಟು, ಆದರೆ ಅದು ಬಡವನ ಪಾಲಿನ ದುಷ್ಫಲ. ಠೇವಣಿಯ ಮೊತ್ತವು ವಿಚಾರಣೆಗೆ ಮುನ್ನವೇ, ಬಹುಮಟ್ಟಿಗೆ ಪೊಲೀಸರೂ ಇಲಾಖೆಯೂ ಕೊಟ್ಟ ಅಂದಾಜಿನ ಮೇಲೆ ನಿಲ್ಲುವುದು. ಮೆರವಣಿಗೆಯನ್ನು ಹೂಡಿದ ನಾಯಕನು ಅದನ್ನು ಆ ದಿನವೇ ಕಟ್ಟಿ ಮನೆಗೆ ಹೋಗುವನು. ಅವನ ಮಾತಿಗೆ ಮರುಳಾಗಿ ಬಂದ ದಿನಗೂಲಿಯ ಹುಡುಗನು, ಅಥವಾ ಸುಮ್ಮನೆ ಆ ಬೀದಿಯಲ್ಲಿದ್ದು ಸಿಕ್ಕಿಬಿದ್ದ ನಿರಪರಾಧಿಯು, ದೋಷ ಸಿದ್ಧವಾಗುವುದಕ್ಕೆ ವರ್ಷಗಳ ಮುಂಚೆಯೇ ಸೆರೆಯಲ್ಲಿ ಕೊಳೆಯುವನು. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನಿಗೆ ಕೆಳಗಿನ ನ್ಯಾಯಾಲಯವು 10,000 ರೂಪಾಯಿಯ ಜಾಮೀನನ್ನು ವಿಧಿಸಿದಾಗ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಅದನ್ನು ತೀವ್ರವಾಗಿ ಆಕ್ಷೇಪಿಸಿ, ಅವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಆ ತೀರ್ಪಿನ ನಾಡಿನಲ್ಲಿ ಬಸ್ಸಿನ ಬೆಲೆಯನ್ನು ಬಿಡುಗಡೆಯ ಬೆಲೆಯಾಗಿ ಮಾಡುವುದು ಹಿಂದಕ್ಕೆ ನಡೆದಂತೆ.

ದೋಷವನ್ನು ಸ್ಥಾಪಿಸದೆಯೇ ಹಣ ವಸೂಲು ಮಾಡುವ ಪದ್ಧತಿ ಈ ದೇಶಕ್ಕೆ ಹೊಸತಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ತಂತಿ ಕತ್ತರಿಸಿದ, ನಿಲ್ದಾಣ ಸುಟ್ಟ ಪ್ರದೇಶಗಳ ಜನರ ಮೇಲೆ ಬ್ರಿಟಿಷ್ ಸರ್ಕಾರವು ಸುಗ್ರೀವಾಜ್ಞೆಯೊಂದರ ಮೂಲಕ ಸಾಮೂಹಿಕ ದಂಡವನ್ನು ಹೇರಿತು. ಉತ್ತರಪ್ರದೇಶ ಸರ್ಕಾರವು ಪೌರತ್ವ ಕಾಯಿದೆಯ ವಿರೋಧಿಗಳಿಗೆ ಕಳುಹಿಸಿದ್ದ 274 ವಸೂಲಿ ನೋಟಿಸುಗಳನ್ನು ಸರ್ವೋಚ್ಚ ನ್ಯಾಯಾಲಯದ ಆಕ್ಷೇಪಣೆಯ ತರುವಾಯ 2022ರ ಫೆಬ್ರವರಿಯಲ್ಲಿ ಹಿಂದೆಗೆದುಕೊಳ್ಳಬೇಕಾಗಿ ಬಂದುದು ಇತ್ತೀಚಿನ ಮಾತು.

ನಷ್ಟವನ್ನು ತುಂಬಿಕೊಳ್ಳಲು ನ್ಯಾಯಸಮ್ಮತವಾದ ದಾರಿ ಆಗಲೇ ಇದೆ. ಉಚ್ಚ ನ್ಯಾಯಾಲಯವು ನ್ಯಾಯಾಧೀಶರೊಬ್ಬರನ್ನು ಪರಿಹಾರ ಆಯುಕ್ತರನ್ನಾಗಿ ನೇಮಿಸಿ, ಕೃತ್ಯ ಮಾಡಿದವರಿಂದಲೂ ಅದನ್ನು ಸಂಘಟಿಸಿದವರಿಂದಲೂ ನಷ್ಟವನ್ನು ನಿರ್ಣಯಿಸಿ ಪಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿಯೇ ವಿಧಿಸಿದೆ. ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ 2020ರಲ್ಲಿ ಠಾಣೆಯ ಮೇಲೆ ದಾಳಿಯಾದಾಗ ನಮ್ಮ ಉಚ್ಚ ನ್ಯಾಯಾಲಯವೂ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಹೀಗೆಯೇ ನೇಮಿಸಿತು. ಇಲ್ಲಿ ಎರಡೂ ಪಕ್ಷಗಳ ಮಾತನ್ನು ಕೇಳಿದ ಮೇಲೆಯೇ ಹಣದ ಮಾತು. ಈ ವ್ಯವಸ್ಥೆಗೆ ಸಿಬ್ಬಂದಿಯನ್ನೂ ಕಾಲಮಿತಿಯನ್ನೂ ಒದಗಿಸಿ, ಇಂತಹ ಮೊಕದ್ದಮೆಗಳನ್ನು ಹಿಂದೆಗೆಯುವ ಅಧಿಕಾರಕ್ಕೆ ಕಡಿವಾಣ ಹಾಕಲಿ; ಠೇವಣಿಯ ಶಿಫಾರಸನ್ನು ಮಾತ್ರ ಸಂಸತ್ತು ತಳ್ಳಿಹಾಕಲಿ. ಮತ ಕೇಳಲು ಬರುವ ಅಭ್ಯರ್ಥಿಗಳನ್ನು ಈ ವಿಷಯಗಳ ಮೇಲೆ ನೇರವಾಗಿ ಪ್ರಶ್ನಿಸಬೇಕೆಂದು ಓದುಗರಲ್ಲಿ ನನ್ನ ವಿನಂತಿ.