ಅಂಕೆಯಲ್ಲಿಯೂ ಅಕ್ಷರದಲ್ಲಿಯೂ

ಶಾಲೆಯ ದಾಖಲಾತಿ ವಹಿಯಲ್ಲಿ ಮಗುವಿನ ಜನ್ಮದಿನಾಂಕವನ್ನು ಅಂಕೆಯಲ್ಲಿ ಬರೆದು, ಒಡನೆಯೇ ಅಕ್ಷರದಲ್ಲಿಯೂ ಬರೆಯುವುದು ನಮ್ಮ ಹಿರಿಯ ಉಪಾಧ್ಯಾಯರು ನಡೆಸಿಕೊಂಡು ಬಂದ ಪದ್ಧತಿ. ಅದನ್ನು ವೃಥಾ ಶ್ರಮವೆಂದು ಬಗೆದವರುಂಟು. ನಾನೂ ಒಮ್ಮೆ ಹಾಗೆಯೇ ಬಗೆದಿದ್ದೆ. ಆ ವಹಿಗಳೆಲ್ಲ ಗಣಕಯಂತ್ರವನ್ನು ಸೇರುತ್ತಿರುವ ಈ ಕಾಲದಲ್ಲಿ ಆ ಪದ್ಧತಿಯ ಬೆಲೆ ಮನದಟ್ಟಾಗಿದೆ.

ನನ್ನ ಸಹೋದ್ಯೋಗಿಗಳೊಬ್ಬರು ಜನಿಸಿದ್ದು ಮಾರ್ಚ್ ತಿಂಗಳ ಎಂಟರಂದು. ಕಚೇರಿಯೊಂದರ ಗಣಕದಲ್ಲಿ ಅದು ಆಗಸ್ಟ್ ಮೂರಾಗಿ ಕುಳಿತಿತು. 08/03 ಎಂಬುದನ್ನು ನಾವು ದಿನ, ತಿಂಗಳು ಎಂದು ಓದುತ್ತೇವೆ. ಅಮೆರಿಕದವರು ತಿಂಗಳು, ದಿನ ಎಂದು ಓದುತ್ತಾರೆ. ನಿವೃತ್ತಿಯ ಲೆಕ್ಕದಲ್ಲಿ ಐದು ತಿಂಗಳ ಅಂತರ ಬಿದ್ದಿತು. ಬಹಳ ಅಲೆದ ಮೇಲೆ ಅವರನ್ನು ಕಾಪಾಡಿದ್ದು ಬಾಲ್ಯದ ಶಾಲೆಯ ವಹಿಯಲ್ಲಿದ್ದ ಅಕ್ಷರದ ಬರಹ.

ಯಂತ್ರವನ್ನು ದೂಷಿಸಿ ಫಲವಿಲ್ಲ. ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಸಂಗ್ರಹದ ತಂತ್ರಾಂಶವು ತನಗೆ ಗೊತ್ತುಮಾಡಿದ ಭಾಷೆಯಂತೆ ದಿನಾಂಕವನ್ನು ಅರ್ಥೈಸುತ್ತದೆ. ಭಾಷೆ ಅಮೆರಿಕದ ಇಂಗ್ಲಿಷಾದರೆ ಮೊದಲನೆಯ ಅಂಕೆ ತಿಂಗಳು, ಬ್ರಿಟಿಷ್ ಇಂಗ್ಲಿಷಾದರೆ ದಿನ. ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ 25/03 ಎಂಬುದನ್ನು ಅಮೆರಿಕದ ಕ್ರಮದ ಯಂತ್ರ ನಿರಾಕರಿಸುತ್ತದೆ. 08/03 ಎಂಬುದನ್ನಾದರೋ ಸದ್ದಿಲ್ಲದೆ ಸ್ವೀಕರಿಸುತ್ತದೆ. ವರ್ಷದಲ್ಲಿ ಹೀಗೆ ಎರಡರ್ಥ ಕೊಡುವ ದಿನಗಳು 132. ಕಣ್ಣಿಗೆ ಬೀಳದ ಈ ತಪ್ಪೇ ಹೆಚ್ಚು ಅಪಾಯಕರ.

ಈ ಸಂಶಯ ಹೊಸತಲ್ಲ. ಪ್ರಭವಾದಿ ಸಂವತ್ಸರದ ಹೆಸರೊಂದನ್ನೇ ಹೇಳಿದರೆ ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುತ್ತದೆ. ಶಕವರ್ಷವು ಗತವೋ ವರ್ತಮಾನವೋ ಎಂದು ತಿಳಿಯದಿದ್ದರೆ ಒಂದು ವರ್ಷ ತಪ್ಪುತ್ತದೆ. ಆದುದರಿಂದಲೇ ಎಷ್ಟೋ ಶಾಸನಗಳಲ್ಲಿ ಶಕವರ್ಷದೊಡನೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳೂ ಇವೆ. ಒಂದು ಮತ್ತೊಂದಕ್ಕೆ ಸಾಕ್ಷಿ. ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಶಕ 556ನ್ನು ಹೇಳಿದ್ದಲ್ಲದೆ ಭಾರತಯುದ್ಧದಿಂದ ಸಂದ 3735 ವರ್ಷಗಳನ್ನೂ ಹೇಳಿದ್ದಾನೆ.

ಹಾಗಾದರೆ ನಮ್ಮ ಕ್ರಮವನ್ನು ಬಿಡಬೇಕೇ? ಬೇಡ. ಬರೆದು ತೋರಿಸುವ ಕ್ರಮ ಬೇರೆ, ಯಂತ್ರದೊಳಗೆ ಇರಿಸುವ ಕ್ರಮ ಬೇರೆ. ದಿನಾಂಕವನ್ನು ಬರಿಯ ಅಕ್ಷರಸಾಲಾಗಿ ತುಂಬದೆ, ದಿನಾಂಕಕ್ಕೆಂದೇ ಇರುವ ಬಗೆಯ ಕೋಷ್ಠದಲ್ಲಿ ಇರಿಸಬೇಕು. ವರ್ಷ, ತಿಂಗಳು, ದಿನ ಎಂಬ ಅನುಕ್ರಮವನ್ನು 1988ರ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ವಿಧಿಸಿದೆ. 19680308 ಎಂದು ಎಂಟು ಅಂಕೆಗಳನ್ನು ಬಿಡದೆ ಬರೆದರೆ, ಭಾಷೆ ಯಾವುದಿದ್ದರೂ ಮೇಲೆ ಹೇಳಿದ ತಂತ್ರಾಂಶ ತಪ್ಪರ್ಥ ಮಾಡದು. ತೆರೆಯ ಮೇಲೂ ಪ್ರಮಾಣಪತ್ರದಲ್ಲೂ ನಮ್ಮ ರೂಢಿಯಂತೆಯೇ ತೋರಿಸಬಹುದು.

ಗಣಕವಿದ್ಯೆಯಲ್ಲಿ ನುರಿತ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದು ಶಾಲೆಯ ದಾಖಲೆಗಳನ್ನು ಹೀಗೆ ಅಣಿಗೊಳಿಸಿಕೊಟ್ಟರೆ ಅದೂ ಒಂದು ದಾಸೋಹವೇ. ತುಂಬಿಸಿದ ಪ್ರತಿಯೊಂದು ದಿನಾಂಕವನ್ನೂ ವಹಿಯ ಅಕ್ಷರದ ಬರಹದೊಡನೆ ಉಪಾಧ್ಯಾಯರು ತಾಳೆನೋಡಲಿ. ಆ ಕೆಲಸ ಮುಗಿದ ಮೇಲೂ ಹಳೆಯ ವಹಿಗಳನ್ನು ರದ್ದಿಗೆ ಹಾಕದಿರೋಣ.