ಜಮೈಕಾದ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೆ,

ತಮ್ಮ ದ್ವೀಪದ ರೆಗೆ ಸಂಗೀತವನ್ನು 2018ರ ನವೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ, ಅದರ ಕೀರ್ತಿಯಲ್ಲಿ ಮಾತ್ರವಲ್ಲದೆ ಕಳಂಕದಲ್ಲಿಯೂ ದೂರದೇಶದ ಶ್ರೋತೃಗಳಿಗೆ ಪಾಲುಂಟೆಂದು ಭಾವಿಸಿ, ಕನ್ನಡನಾಡಿನ ಸಾಮಾನ್ಯ ಶ್ರೋತೃವಾದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಅನ್ಯಾಯಕ್ಕೊಳಗಾದವರ ಧ್ವನಿಯೆಂಬ ಕಾರಣದಿಂದಲೇ ಲೋಕವು ಆದರಿಸಿದ ಸಂಗೀತವದು. ಆ ಆದರವೇ ನನ್ನ ವಿಜ್ಞಾಪನೆಗೆ ಆಧಾರ.

ರೆಗೆಯ ಮಗುವೆನ್ನಬಹುದಾದ ಡ್ಯಾನ್ಸ್‌ಹಾಲ್ ಪ್ರಕಾರದಲ್ಲಿ 1992ರಲ್ಲಿ ಹೊರಬಂದ, ಬೂಜು ಬಾಂಟನ್ ಎಂಬ ತರುಣ ಗಾಯಕನ ‘ಬೂಮ್ ಬೈ ಬೈ’ ಎಂಬ ಹಾಡು, ಸಲಿಂಗಾನುರಾಗಿಗಳನ್ನು ಗುಂಡಿಕ್ಕಿ ಕೊಲ್ಲುವ ಮಾತನ್ನು ಕುಣಿತದ ತಾಳಕ್ಕೆ ಹೊಂದಿಸಿತು. ಅದು ಬರಿಯ ಹಾಡು, ಕೇಳಿದವರೆಲ್ಲ ಆಯುಧ ಹಿಡಿಯುವರೆ ಎಂದು ಸಮಾಧಾನ ಹೇಳಿದವರುಂಟು. 2004ರ ಜೂನ್ ತಿಂಗಳಿನಲ್ಲಿ, ಸಲಿಂಗಾನುರಾಗಿಗಳ ಹಕ್ಕಿಗಾಗಿ ದುಡಿಯುತ್ತಿದ್ದ ಜೆ-ಫ್ಲಾಗ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ವಿಲಿಯಮ್ಸನ್ ಕಿಂಗ್‌ಸ್ಟನ್ನಿನ ತಮ್ಮ ಮನೆಯಲ್ಲಿ ಕೊಲೆಯಾಗಿ ಬಿದ್ದಿದ್ದರು. ಕೊಲೆಗೆ ದರೋಡೆಯೇ ಕಾರಣವೆಂದು ಹೇಳಲಾಯಿತು. ಅದು ಹಾಗೆಯೇ ಇರಲಿ. ಆದರೆ ಅಂದು ಅವರನ್ನು ಕಾಣಲೆಂದು ಬಂದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಸಂಶೋಧಕಿಯು ಕಂಡು ವರದಿಮಾಡಿದುದು, ಶವವಿದ್ದ ಮನೆಯ ಹೊರಗೆ ಜನರು ನೆರೆದು ನಗುತ್ತಿದ್ದುದನ್ನು, ಅವರಲ್ಲಿ ಕೆಲವರು ಇದೇ ಹಾಡಿನ ಪಲ್ಲವಿಯನ್ನು ಹಾಡುತ್ತಿದ್ದುದನ್ನು. ಹಾಡು ಕೊಲೆಮಾಡದಿದ್ದರೂ, ಕೊಲೆಯಾದ ಮನೆಯ ಮುಂದೆ ಏನು ಮಾಡಬೇಕೆಂಬುದನ್ನು ಆ ಜನಕ್ಕೆ ಕಲಿಸಿತ್ತು.

ಲಂಡನ್ನಿನ ಔಟ್‌ರೇಜ್ ಸಂಸ್ಥೆಯೂ ತಮ್ಮ ನಾಡಿನ ಜೆ-ಫ್ಲಾಗ್ ಸಂಸ್ಥೆಯೂ ಕೈಜೋಡಿಸಿ ನಡೆಸಿದ ‘ಸ್ಟಾಪ್ ಮರ್ಡರ್ ಮ್ಯೂಸಿಕ್’ ಚಳವಳಿಯ ಫಲವಾಗಿ ಯೂರೋಪು ಅಮೆರಿಕಗಳಲ್ಲಿ ಅನೇಕ ಸಂಗೀತ ಕಛೇರಿಗಳು ರದ್ದಾದವು. ಇಂತಹ ಹಾಡುಗಳನ್ನು ಇನ್ನು ಹಾಡೆವೆಂಬ ಪ್ರತಿಜ್ಞಾಪತ್ರಕ್ಕೆ ಕೆಲವು ಪ್ರಸಿದ್ಧ ಗಾಯಕರು ಸಹಿಮಾಡಿದರೆಂದು 2007ರಲ್ಲಿ ಪ್ರಕಟವಾಯಿತು. ಆದರೆ ಸಹಿಯ ಮಾತನ್ನೇ ಬಳಿಕ ಅಲ್ಲಗಳೆದವರೂ ಇದ್ದರು. ಹೊರನಾಡಿನ ಟಿಕೆಟ್ಟಿನ ಹಣಕ್ಕಾಗಿ ಕೊಟ್ಟ ಮಾತು ಒಳನಾಡಿನ ಚಪ್ಪಾಳೆಯ ಮುಂದೆ ನಿಲ್ಲಲಾರದೆ ಹೋಯಿತು. ಆದುದರಿಂದಲೇ, ಹಾಡು ಅನೇಕರ ನೋವಿಗೆ ಕಾರಣವಾಯಿತೆಂದು ಒಪ್ಪಿಕೊಂಡು ಬೂಜು ಬಾಂಟನ್ನನೇ 2019ರಲ್ಲಿ ‘ಬೂಮ್ ಬೈ ಬೈ’ಯನ್ನು ತನ್ನ ಗೀತಸಂಗ್ರಹದಿಂದ ತೆಗೆದುಹಾಕಿದುದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಹಾಡನ್ನು ಹಾಡಿದವನು ಹಿಂತೆಗೆದುಕೊಂಡನು. ಹಾಡಿಗೆ ಧೈರ್ಯವಿತ್ತ ಶಾಸನವಾದರೋ ಉಳಿದೇ ಇದೆ. ಪುರುಷರಿಬ್ಬರ ನಡುವಿನ ಗುದಸಂಭೋಗಕ್ಕೂ ಹತ್ತು ವರ್ಷಗಳವರೆಗೆ ಕಠಿನ ಸಜೆಯನ್ನು ವಿಧಿಸುವ ತಮ್ಮ 1864ರ ಶಾಸನದ 76ನೆಯ ಪ್ರಕರಣವು ಇರುವತನಕ, ಬೀದಿಯಲ್ಲಿ ಪೆಟ್ಟುತಿಂದವನು ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತಾನೆ. ಫಿರ್ಯಾದಿಯಾಗಿ ಹೋದವನು ಆರೋಪಿಯಾಗಿ ಹಿಂದಿರುಗಬೇಕಾದೀತೆಂಬ ಭಯ ಅವನದು. ಹೊರಗಿನವರು ನಮಗೆ ನೀತಿ ಹೇಳಬೇಡಿರೆಂಬ ತಮ್ಮ ದೇಶೀಯರ ಅಸಮಾಧಾನವನ್ನು ನಾನು ಬಲ್ಲೆನು. ಆದರೆ ಆ ಪ್ರಕರಣವೇ ಹೊರಗಿನವರು ಬರೆದದ್ದಲ್ಲವೆ? ಅದೇ ಬ್ರಿಟಿಷ್ ಆಳರಸರು 1860ರಲ್ಲಿ ನಮ್ಮ ದಂಡಸಂಹಿತೆಯಲ್ಲಿ 377ನೆಯ ವಿಧಿಯನ್ನು ಬರೆದಿಟ್ಟರು. ಸ್ವದೇಶದಲ್ಲಿ ಅಂಥ ಶಾಸನವನ್ನು ಅವರೇ 1967ರಲ್ಲಿ ಸಡಿಲಿಸಿದ ಮೇಲೆಯೂ ನಾವು ಅದನ್ನು ಅರ್ಧ ಶತಮಾನಕಾಲ ಕಾಪಾಡಿಕೊಂಡು ಬಂದೆವು. ಕೊನೆಗೆ, ನಮ್ಮ ನಾಡಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಸೇರಿದಂತೆ ಹಲವರು ಸಲ್ಲಿಸಿದ್ದ ಅರ್ಜಿಗಳ ಮೇಲೆ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು.

ನಮಗಾದರೆ ನ್ಯಾಯಾಲಯದ ಬಾಗಿಲು ತೆರೆದಿತ್ತು. ತಮ್ಮಲ್ಲಿ, 2011ರ ಮೂಲಭೂತ ಹಕ್ಕುಗಳ ಸನ್ನದು ಲೈಂಗಿಕ ಅಪರಾಧಗಳ ಹಳೆಯ ಶಾಸನಗಳಿಗೆ ರಕ್ಷಣೆಯಿತ್ತು ಆ ಬಾಗಿಲನ್ನು ಮುಚ್ಚಿದೆ. ಮುಚ್ಚಿದವರು ಶಾಸಕರಾದುದರಿಂದ ತೆರೆಯಬೇಕಾದವರೂ ಶಾಸಕರೇ. ಹಾಡುಗಳನ್ನು ನಿಷೇಧಿಸಿರೆಂದು ನಾನು ಬೇಡುತ್ತಿಲ್ಲ. ನಿಷೇಧಿಸಿದ ಹಾಡು ಸಂದುಗೊಂದುಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಕೇಳುತ್ತದೆ. ನನ್ನ ಅರಿಕೆ ಎರಡೇ: ಫೆಬ್ರವರಿಯ ರೆಗೆ ಮಾಸವೇ ಮೊದಲಾದ ಉತ್ಸವಗಳಲ್ಲಿ ಸರ್ಕಾರದ ಹಣದಿಂದ ಕಟ್ಟಿದ ವೇದಿಕೆಯ ಮೇಲೆ ಪ್ರಜೆಗಳ ಕೊಲೆಯನ್ನು ಕೊಂಡಾಡುವ ಹಾಡಿಗೆ ಎಡೆಯಿಲ್ಲವೆಂದು ತಾವು ಮುಂಚಿತವಾಗಿ, ಬಹಿರಂಗವಾಗಿ ಸಾರಬೇಕು, 76ನೆಯ ಪ್ರಕರಣವನ್ನು ರದ್ದುಪಡಿಸುವ ಮಸೂದೆಯನ್ನು ಸಂಸತ್ತಿಗೆ ತರುವಂತೆ ಮಂತ್ರಿಮಂಡಲದಲ್ಲಿ ತಾವೇ ಮೊದಲ ಮಾತನಾಡಬೇಕು. ನ್ಯಾಯಾಂಗಖಾತೆಯ ಕೆಲಸವನ್ನು ಸಂಸ್ಕೃತಿಖಾತೆಯ ಸಚಿವರಿಂದೇಕೆ ಬೇಡುವೆಯೆಂದು ಕೇಳಬಹುದು. ಈ ಸಂಗೀತದ ಹೆಸರಿನಲ್ಲಿ ಲೋಕದ ಗೌರವವನ್ನು ಸ್ವೀಕರಿಸುವ ಖಾತೆ ತಮ್ಮದು. ಅದರ ಹೆಸರಿನಲ್ಲಿ ಬಂದ ಋಣವೂ ಅದೇ ಖಾತೆಗೆ ಸೇರತಕ್ಕದ್ದು.

ಇತಿ,
ತಮ್ಮ ವಿಶ್ವಾಸಿ,
ಕನ್ನಡನಾಡಿನ ಶ್ರೋತೃ