ನಮ್ಮ ನೆರೆ ಸುದ್ದಿಗೆ ನಮ್ಮದೇ ಕಮಾಂಡ್ ಇರಲಿ

ಮಳೆಗಾಲ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವರದಿಗಾರರ ಫೋನಿಗೆ ಪುರುಸೊತ್ತಿರುವುದಿಲ್ಲ. ‘ಸರ, ಹಿಡಕಲ್ ಡ್ಯಾಮಿನಿಂದ ನೀರು ಎಷ್ಟು ಬಿಟ್ಟಾರ್ರಿ? ಲೋಳಸೂರ ಸೇತುವೆ ಮುಳಗತೈತೇನ್ರಿ?’ ಎಂದು ಕೇಳುವವರು ದನಕರು ಕಟ್ಟಿಕೊಂಡು ಕುಳಿತ ಹೊಳೆದಂಡೆಯ ಜನ. 2019ರ ಆಗಸ್ಟ್ ನೆರೆ ಕಂಡವರಿಗೆ ಆ ಪ್ರಶ್ನೆಯ ಹಿಂದಿನ ಅಂಜಿಕೆ ಏನೆಂದು ಹೇಳಬೇಕಿಲ್ಲ.

ಅಂಥದ್ದೇ ಒಂದು ರಾತ್ರಿ ನಾವೊಂದು ತಪ್ಪು ಮಾಡಿದೆವು. ಅವಸರದಲ್ಲಿ ಇಂಗ್ಲಿಷ್ ಪ್ರಕಟಣೆಯೊಂದನ್ನು ಫೋನಿನ ಎಐ ಆ್ಯಪಿಗೆ ಹಾಕಿ ‘ಕನ್ನಡದಲ್ಲಿ ಸುದ್ದಿ ಮಾಡು’ ಎಂದೆವು. ಬಂದದ್ದನ್ನು ಸರಿಯಾಗಿ ಓದದೆ ಊರ ಗ್ರೂಪಿಗೆ ಕಳಿಸಿದೆವು. ಒಳಹರಿವಿನ ಅಂಕಿ ಹೊರಹರಿವಿನ ಜಾಗಕ್ಕೆ ಬಂದು ಕುಳಿತಿತ್ತು. ತಿದ್ದುಪಡಿ ಕಳಿಸುವಷ್ಟರಲ್ಲಿ ಕೆಲವರು ಮಳೆಯಲ್ಲೇ ಎಮ್ಮೆ ಹೊಡೆದುಕೊಂಡು ಎತ್ತರಕ್ಕೆ ಹೋಗಿದ್ದರು. ‘ಇರಲಿ ಬಿಡ್ರಿ, ಜೀವ ಉಳೀತಲ್ಲ’ ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ. ಮುಂದಿನ ಸಲ ನಿಜವಾದ ಸುದ್ದಿ ಕೊಟ್ಟಾಗ ಅವರು ನಂಬದೆ ಮನೆಯಲ್ಲೇ ಉಳಿದರೆ?

ಎಐ ಬಿಟ್ಟುಬಿಡೋಣ ಎಂದುಕೊಂಡೆವು. ಆದರೆ ಮೂರು ತಾಲ್ಲೂಕಿನ ಸುದ್ದಿಯನ್ನು ಒಬ್ಬರೇ ಬರೆಯುವವರಿಗೆ ಅದು ಸುಲಭವಲ್ಲ. ಆಗ ಗೆಳೆಯರೊಬ್ಬರು ಲ್ಯಾಪ್‌ಟಾಪಿನಲ್ಲಿ ಬೇರೆ ದಾರಿ ತೋರಿಸಿದರು. ಕಪ್ಪು ಪರದೆಯಲ್ಲಿ ಅಕ್ಷರ ಟೈಪ್ ಮಾಡಿ ಕೆಲಸ ತೆಗೆಯುವ ಎಐ ಸಹಾಯಕಗಳು ಈಗ ಬಂದಿವೆ. 2025ರಲ್ಲಿ ಬಂದ ಗೂಗಲ್‌ನ ಜೆಮಿನಿ ಸಿಎಲ್‌ಐ, ಆಂಥ್ರೊಪಿಕ್‌ನ ಕ್ಲಾಡ್ ಕೋಡ್ ಇಂಥವು. ಇವನ್ನು ಮಾಡಿದ್ದು ಪ್ರೋಗ್ರಾಂ ಬರೆಯುವವರಿಗಾಗಿ. ಆದರೂ ಇವುಗಳಲ್ಲಿ ನಮಗೂ ಬೇಕಾದ ಒಂದು ಗುಣವಿದೆ: ಬಳಸುವವರು ತಮ್ಮದೇ ಕಮಾಂಡ್ ಸೇರಿಸಿಕೊಳ್ಳಬಹುದು.

ಮಾಡುವ ರೀತಿ ಸರಳ. ಕಮಾಂಡುಗಳಿಗೆಂದೇ ಇರುವ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಬರೆದಿಡಬೇಕು. ಫೈಲಿನ ಹೆಸರೇ ಕಮಾಂಡಿನ ಹೆಸರು. ಒಳಗೆ ನಾವು ದಿನಾ ಹೇಳುವ ಸೂಚನೆಗಳನ್ನು ಬರೆದು, ಪ್ರಕಟಣೆ ಬಂದು ಕೂರುವ ಜಾಗಕ್ಕೆ ಒಂದು ಗುರುತು ಹಾಕಬೇಕು. ಆಮೇಲೆ ಓರೆಗೆರೆ ಹಾಕಿ ‘ನೆರೆ’ ಎಂದು ಆ ಹೆಸರು ಕೊಟ್ಟು, ಮುಂದೆ ಪ್ರಕಟಣೆ ಅಂಟಿಸಿದರೆ ಸಾಕು. ಪ್ರತಿ ಸಲ ಮೊದಲಿನಿಂದ ಹೇಳುವ ಗೋಳಿಲ್ಲ. ಅವಸರದಲ್ಲಿ ಅರ್ಧ ಮರೆಯುವ ಭಯವೂ ಇಲ್ಲ.

ನಮ್ಮ ‘ನೆರೆ’ ಕಮಾಂಡಿನೊಳಗೆ ಇರುವುದು ಇಷ್ಟು:

• ಅಂಕಿ ಬದಲಿಸಬೇಡ. ಪ್ರತಿ ಅಂಕಿಯ ಕೆಳಗೆ ಮೂಲ ಪ್ರಕಟಣೆಯ ಸಾಲನ್ನು ಹಾಗೇ ಕೊಡು.
• ಒಳಹರಿವು, ಹೊರಹರಿವು ಬೇರೆ ಬೇರೆ ಸಾಲಿನಲ್ಲಿರಲಿ. ಅಳತೆ ತೆಗೆದ ದಿನಾಂಕ, ಸಮಯ ಇಲ್ಲದಿದ್ದರೆ ‘ಸಮಯ ಕೇಳಿ’ ಎಂದು ಬರೆ.
• ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಸುಮಾರು 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಎರಡನ್ನೂ ಕಲಸಬೇಡ.
• ಹಿಡಕಲ್‌ನ ಹೊರಹರಿವೊಂದನ್ನೇ ನೋಡಿ ಗೋಕಾಕದ ನೆರೆ ಅಳೆಯಬೇಡ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಘಟಪ್ರಭೆಗೆ ಸೇರುತ್ತವೆ. ಅವುಗಳ ಮಾಹಿತಿ ಪ್ರಕಟಣೆಯಲ್ಲಿ ಇಲ್ಲದಿದ್ದರೆ ಇಲ್ಲ ಎಂದು ಹೇಳು.
• ಪ್ರಕಟಣೆಯಲ್ಲಿಲ್ಲದ ಊರು, ಹೆಸರು, ಹೇಳಿಕೆ ಸೇರಿಸಬೇಡ.

ನಾಲ್ಕನೆಯ ಮಾತನ್ನು ಮತ್ತೊಮ್ಮೆ ಓದಿ. ಅದು ಬೆಂಗಳೂರಿನ ಡೆಸ್ಕಿನವರಿಗೆ ಹೊಳೆಯುವುದು ಕಷ್ಟ, ಅಮೆರಿಕದ ಕಂಪನಿಗೆ ಹೊಳೆಯುವ ಮಾತೇ ಇಲ್ಲ. ಹುಕ್ಕೇರಿ ತಾಲ್ಲೂಕಿನ ಡ್ಯಾಮಿನಲ್ಲಿ ಗೇಟ್ ಏಳುವ ಮೊದಲೇ ಉಳಿದೆರಡು ಹೊಳೆ ತುಂಬಿ ಬಂದರೆ ಗೋಕಾಕದ ತಗ್ಗಿನ ಓಣಿಗಳಿಗೂ ಕೆಳಗಿನ ಮೂಡಲಗಿ ತಾಲ್ಲೂಕಿನ ಹಳ್ಳಿಗಳಿಗೂ ಆತಂಕ ತಪ್ಪದು. ಇದು ನಮ್ಮ ಹಿರಿಯರು ಹೊಳೆ ನೋಡಿ ಹೇಳುತ್ತಿದ್ದ ಮಾತು. ಅದನ್ನು ಯಂತ್ರಕ್ಕೆ ಹೇಳಿಕೊಡಬೇಕಾದವರು ನಾವೇ. ಬೇರೆಯವರು ಮಾಡಿಟ್ಟ ಕಮಾಂಡ್ ಎರವಲು ತಂದರೆ ಸಾಲದು ಎನ್ನುವುದು ಇದಕ್ಕೇ.

‘ಸುದ್ದಿ ಯಂತ್ರ ಬರೆದರೆ ನೀವ್ಯಾಕ್ರಿ?’ ಎಂದು ಓದುಗರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸೇತುವೆ ಮೇಲೆ ನೀರು ಬಂದಿದೆಯೋ ಇಲ್ಲವೋ ಹೋಗಿ ನೋಡುವುದು, ಅಧಿಕಾರಿಗೆ ಫೋನ್ ಮಾಡಿ ಕೇಳುವುದು, ಕಳಿಸುವ ಮುನ್ನ ಮೂಲದ ಜೊತೆ ತಾಳೆ ನೋಡುವುದು ನಮ್ಮ ಕೆಲಸ. ಕಮಾಂಡ್ ಬರೆದಿಟ್ಟ ಮೇಲೂ ಎಐ ಕೆಲವೊಮ್ಮೆ ಸೂಚನೆ ಮೀರುತ್ತದೆ. ಅದಕ್ಕೇ ಮೂಲ ಸಾಲು ಕೆಳಗೆ ಇರಲಿ ಎಂದದ್ದು. ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ. ಹೆಸರು ಹಾಕಿಕೊಂಡು ಸುದ್ದಿ ಕೊಟ್ಟವರು ನಾವಾದ ಮೇಲೆ ತಪ್ಪಿನ ಹೊಣೆಯೂ ನಮ್ಮದೇ.

ಎರಡು ಎಚ್ಚರಿಕೆ. ಇಂಥ ಕಮಾಂಡ್ ಫೈಲಿನಲ್ಲಿ ಕಂಪ್ಯೂಟರಿಗೇ ನೇರವಾಗಿ ಆದೇಶ ಕೊಡುವ ಸಾಲುಗಳೂ ಇರಬಹುದು. ಯಾರೋ ಫಾರ್ವರ್ಡ್ ಮಾಡಿದ ಫೈಲನ್ನು ಪೂರ್ತಿ ಓದದೆ ಹಾಕಿಕೊಳ್ಳಬೇಡಿ, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಬೇಡಿ. ಇನ್ನು, ಸುದ್ದಿ ಕೊಟ್ಟವರ ಹೆಸರು, ಫೋನ್ ನಂಬರು ಅದರಲ್ಲಿ ಬರೆಯಬೇಡಿ. ಬರೆದದ್ದು ದೂರದ ಸರ್ವರಿಗೆ ಹೋಗುತ್ತದೆ.

ಲ್ಯಾಪ್‌ಟಾಪ್ ಇಲ್ಲದವರು ಇವೇ ಸೂಚನೆಗಳನ್ನು ಫೋನಿನ ನೋಟ್ಸಿನಲ್ಲಿ ಇಟ್ಟುಕೊಂಡು, ಪ್ರತಿ ಸಲ ಪ್ರಕಟಣೆಯ ಮೇಲೆ ಅಂಟಿಸಬಹುದು. ಕೆಲಸ ಅದೇ, ಬೆರಳಿಗೆ ಸ್ವಲ್ಪ ಹೆಚ್ಚು ದುಡಿತ.

ತಾಲ್ಲೂಕಿನ ಪತ್ರಕರ್ತರ ಸಂಘಗಳಿಗೆ ನಮ್ಮ ಕೋರಿಕೆ ಇಷ್ಟೇ. ಮುಂದಿನ ಮಳೆಗಾಲದೊಳಗೆ ಒಂದು ದಿನ ಕೂಡಿ ಕೂತು, ನೀರಾವರಿ ಗೊತ್ತಿದ್ದವರನ್ನೂ ಹೊಳೆದಂಡೆಯ ನಾಲ್ಕು ಹಿರಿಯರನ್ನೂ ಕರೆದು, ಮೂರೂ ತಾಲ್ಲೂಕಿಗೆ ಒಂದು ‘ನೆರೆ’ ಕಮಾಂಡ್ ಬರೆಯೋಣ. ಖರ್ಚು ಚಹಾದ್ದಷ್ಟೇ. ನಮ್ಮ ಸುದ್ದಿ ನಂಬಿ ರಾತ್ರೋರಾತ್ರಿ ದನ ಬಿಚ್ಚುವವರಿಗೆ ನಾವು ಅಷ್ಟಾದರೂ ಮಾಡಬೇಕು.